ಬೇಗಡೆಯ ಹಾದಿ: ಚಿನಕುರಳಿಯಿಂದ ಪಟ್ಟಣಕ್ಕೆ

ಮೇಲುಕೋಟೆಯ ಬೆಟ್ಟಸಾಲಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ಇಳಿದರೆ ಕಬ್ಬು, ಬತ್ತ, ತೆಂಗು ತುಂಬಿದ ಬಯಲು. ಆ ಬಯಲಿನ ಊರು ಚಿನಕುರಳಿ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಹೆಸರು ಕೇಳಿದ ಕೂಡಲೇ ಹೊರಗಿನವರ ಮುಖದಲ್ಲಿ ಒಂದು ನಗು ಮೂಡುವುದು ಸಹಜ. ಚಿನಕುರಳಿ ಎಂದರೆ ದೀಪಾವಳಿಯಲ್ಲಿ ಚಟಪಟನೆ ಸಿಡಿಯುವ ಸಣ್ಣ ಪಟಾಕಿ. ಅರಳು ಹುರಿದಂತೆ ಮಾತನಾಡುವ ಮಗುವನ್ನೂ ಮನೆಯವರು ಪ್ರೀತಿಯಿಂದ ಹಾಗೆಯೇ ಕರೆಯುತ್ತಾರೆ.

ಹೆಸರಿನಲ್ಲಿ ಇಷ್ಟು ಚುರುಕಿದ್ದರೂ ಊರಿನ ಚರಿತ್ರೆಯಲ್ಲಿ ಒಂದು ಕಹಿ ದಿನವಿದೆ. 1771ರ ಮಾರ್ಚ್ ತಿಂಗಳಿನಲ್ಲಿ ಹೈದರಾಲಿಯ ಸೈನ್ಯ ಮೇಲುಕೋಟೆಯ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಮ್ಮೆಟ್ಟುತ್ತಿದ್ದಾಗ ತ್ರ್ಯಂಬಕರಾಯನ ಮರಾಠಾ ಪಡೆ ಇಲ್ಲಿಯೇ ಮೇಲೆ ಬಿದ್ದಿತು. ಸೈನ್ಯ ಚೆಲ್ಲಾಪಿಲ್ಲಿಯಾಯಿತು. ಹೈದರ್ ಹೇಗೋ ತಪ್ಪಿಸಿಕೊಂಡು ಪಟ್ಟಣದ ಕೋಟೆ ಸೇರಿದ. ಅಂದು ಅವನು ಹಿಡಿದ ದಿಕ್ಕಿನಲ್ಲೇ ಇಂದು ಕಾಲೇಜು ಹುಡುಗರನ್ನು ತುಂಬಿಕೊಂಡು ಬಸ್ಸುಗಳು ಓಡುತ್ತವೆ. ಸುತ್ತಲಿನ ಹಳ್ಳಿಗಳವರ ಬಾಯಲ್ಲಿ ಶ್ರೀರಂಗಪಟ್ಟಣ ಇಂದಿಗೂ ಬರೀ ‘ಪಟ್ಣ’.

ಈ ಹಾದಿಯ ಬಗ್ಗೆ ಹೇಳಲು ಯುದ್ಧಗಳ ಕಥೆ ಬೇಕಾದಷ್ಟಿದೆ. ಆದರೆ ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಬಹಳ ತೆಳುವಾದ ಒಂದು ವಸ್ತುವಿನ ಕಥೆ. ಊದಿದರೆ ಹಾರಿಹೋಗುವಂಥದು, ಉಗುರು ತಾಗಿದರೆ ಹರಿಯುವಂಥದು. ಅದರ ಹೆಸರು ಬೇಗಡೆ.

ಜಗುಲಿಯ ಮೇಲೊಂದು ಕಾರು

ಚಿನಕುರಳಿಯಂಥ ಊರಿನ ಒಂದು ಮನೆಯ ಜಗುಲಿಯನ್ನು ಕಲ್ಪಿಸಿಕೊಳ್ಳಿ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮುಂದೆ ಒಂದು ಪುಟ್ಟ ಅಂಬಾಸಿಡರ್ ಕಾರು ಇಟ್ಟುಕೊಂಡು ಕುಳಿತಿದ್ದಾನೆ. ಗೇಣುದ್ದದ ಮಾದರಿ. ಬಿಳಿಯ ಬಣ್ಣ ಬಳಿದಾಗಿದೆ. ಬಂಪರು, ಮುಂದಿನ ಜಾಲರಿ, ಕಿಟಕಿಗಳ ಅಂಚು ಮಾತ್ರ ಇನ್ನೂ ಬಿಳಿಯಾಗಿಯೇ ಇವೆ. ನಿಜವಾದ ಕಾರಿನಲ್ಲಿ ಅಲ್ಲೆಲ್ಲ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಇರುತ್ತದೆ. ಹುಡುಗ ಮೊದಲು ಬೆಳ್ಳಿಯ ಬಣ್ಣ ಬಳಿದು ನೋಡಿದ. ಅದು ಬೂದಿಯಂತೆ ಕಂಡಿತು. ಒರೆಸಿ ಹಾಕಿ, ಚಾಕೊಲೇಟು ಸುತ್ತಿ ಬರುವ ಹೊಳೆಯುವ ಕಾಗದವನ್ನು ಕತ್ತರಿಸಿ ಅಂಟಿಸಿದ. ಅದು ಮುದುರಿತು, ಅಂಟು ಹೊರಗೆ ಒಸರಿತು, ಬೆರಳಿನ ಗುರುತು ಬಿತ್ತು.

ಅಷ್ಟರಲ್ಲಿ ಒಳಗಿನಿಂದ ದನಿ: “ಓದೋದ್ ಬುಟ್ಟು ಅದೇನ್ಲಾ ತಗಡ್ ಅಂಟಿಸ್ಕಂಡ್ ಕುಂತಿದ್ದೀಯ?”

“ಒಂದ್ ನಿಮ್ಸ ಇರವ್ವ.”

ಈ ಸಂಭಾಷಣೆ ನಡೆಯದ ಮನೆ ನಮ್ಮ ನಾಡಿನಲ್ಲಿ ವಿರಳ. ಒಂದು ಮನೆಯಲ್ಲಿ ಗಾಳಿಪಟ, ಇನ್ನೊಂದರಲ್ಲಿ ಥರ್ಮೊಕೋಲಿನ ಅಣೆಕಟ್ಟು, ಮತ್ತೊಂದರಲ್ಲಿ ರಟ್ಟಿನ ತೇರು. ತಾಯಿಯ ಚಿಂತೆಯೂ ಸುಳ್ಳಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಕಟ್ಟಿದ ಸೀಮೆ ಇದು. ಹೊಳಪಿನ ಕೆಲಸವೆಂದರೆ ಕೆಲಸಕ್ಕೆ ಬಾರದ್ದು ಎಂಬ ಗುಮಾನಿ ನಮ್ಮ ಹಿರಿಯರಿಗೆ ಇದ್ದೇ ಇದೆ. ಆ ಗುಮಾನಿ ಎಷ್ಟು ಸರಿ ಎಂದು ತಿಳಿಯಬೇಕಾದರೆ ಜಗುಲಿಯಿಂದ ಇಳಿದು ಪಟ್ಟಣದ ಬಸ್ಸು ಹತ್ತಬೇಕು.

ಹಳೆಯ ಹೆಸರು, ಹಳೆಯ ಕೈ

ಬೇಗಡೆ ಹೊಸ ವಸ್ತುವಲ್ಲ, ಹೊಸ ಮಾತೂ ಅಲ್ಲ. ಲೋಹವನ್ನು ಬಡಿದು ಎಲೆಯಷ್ಟು ತೆಳುಮಾಡಿದ ಹಾಳೆಗೆ ಕನ್ನಡದಲ್ಲಿ ಹಿಂದಿನಿಂದಲೂ ಇರುವ ಹೆಸರು ಅದು. ಅದೇ ಹೊಳಪಿನ ಕಾಗದಕ್ಕೂ ಈಗ ಅದೇ ಹೆಸರು. ಯಕ್ಷಗಾನದ ವೇಷಧಾರಿಯ ಕಿರೀಟ, ಭುಜಕೀರ್ತಿ, ಎದೆಹಾರ ಇವೆಲ್ಲ ದೂರದಿಂದ ಅಪ್ಪಟ ಬಂಗಾರ. ಹತ್ತಿರ ಹೋಗಿ ನೋಡಿದರೆ ಹಗುರವಾದ ಮರ, ಅದರ ಮೇಲೆ ಬೇಗಡೆ. ಮಂಡ್ಯ, ನಾಗಮಂಗಲ ಸೀಮೆಯ ಮೂಡಲಪಾಯದ ವೇಷಗಳಿಗೂ, ಸೂತ್ರದ ಗೊಂಬೆಗಳ ಒಡವೆಗಳಿಗೂ ಇದೇ ಹೊಳಪು ಬೇಕು. ರಾತ್ರಿಯಿಡೀ ನಡೆಯುವ ಆಟದಲ್ಲಿ ದೀಪದ ಬೆಳಕು ಬಿದ್ದ ಕೂಡಲೇ ರಾಜ ರಾಜನಂತೆ ಕಾಣಬೇಕಲ್ಲ!

ಅಕ್ಕಸಾಲಿಗರ ಮನೆಯಲ್ಲಿ ಇದರ ದೊಡ್ಡಣ್ಣನಿದ್ದಾನೆ. ಹರಳನ್ನು ಕೂರಿಸುವಾಗ ಅದರ ಸುತ್ತ ಒತ್ತುವ ಅಪ್ಪಟ ಚಿನ್ನದ ತೆಳು ಹಾಳೆಯೇ ಕುಂದಣ. ಹರಳಿನ ಅಡಿಯಲ್ಲಿ ಬೇಗಡೆ ಇಟ್ಟು ಅದರ ಕಾಂತಿ ಹೆಚ್ಚಿಸುವ ಪದ್ಧತಿಯೂ ಉಂಟು. ದೇವಸ್ಥಾನದ ಬಾಗಿಲವಾಡಕ್ಕೆ ಹೊದಿಸುವ ಬೆಳ್ಳಿ ಹಿತ್ತಾಳೆ ತಗಡುಗಳೂ ಇದೇ ಕುಲದವು. ದಸರೆಯಲ್ಲಿ ಆನೆಯ ಮೇಲೆ ಬರುವ ಮೈಸೂರಿನ ಚಿನ್ನದ ಅಂಬಾರಿಯನ್ನು ನೋಡಲು ಜನ ಮುಗಿಬೀಳುತ್ತಾರೆ. ಸುಮಾರು 750 ಕಿಲೋ ತೂಗುವ ಆ ಅಂಬಾರಿಯ ಒಳಗಿರುವುದು ಮರದ ಚೌಕಟ್ಟು. ಮೇಲೆ ಕುಸುರಿ ಮಾಡಿದ ಚಿನ್ನದ ತಗಡು. ಮರ ಭಾರ ಹೊರುತ್ತದೆ, ಚಿನ್ನ ಬೆಳಕು ಹೊರುತ್ತದೆ.

ಪಟ್ಟಣದಲ್ಲಿ ಕಳೆದುಹೋದ ಸಿಂಹಾಸನ

ಚಿನಕುರಳಿಯಿಂದ ಪಾಂಡವಪುರ. ಈ ಊರಿನ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ಕಾಲದಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಗಿತ್ತು. ಕುಂತಿಬೆಟ್ಟದ ಬಂಡೆಗಳು ಹಿಂದೆ ಸರಿಯುತ್ತವೆ. ಮುಂದೆ ಕಾವೇರಿ, ಕಾವೇರಿಯ ನಡುವೆ ದ್ವೀಪವಾಗಿ ಶ್ರೀರಂಗಪಟ್ಟಣ.

ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತಂದ ಮೇಷ್ಟರು ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿ, ನೆಲಮಾಳಿಗೆಯ ಸೆರೆಮನೆ, ಗುಂಬಜ್ ಎಲ್ಲ ತೋರಿಸುತ್ತಾರೆ. ತೋರಿಸಲಾಗದ ವಸ್ತುವೊಂದಿದೆ. ಅದು ಟಿಪ್ಪು ಸುಲ್ತಾನನ ಸಿಂಹಾಸನ. ಮರದಲ್ಲಿ ಮಾಡಿಸಿ ಚಿನ್ನದ ತಗಡು ಹೊದಿಸಿದ್ದ ಆಸನ ಅದು. ಅಡಿಯಲ್ಲಿ ದೊಡ್ಡ ಹುಲಿಯ ತಲೆ, ಸುತ್ತಲಿನ ಕಟಕಟೆಯ ಮೇಲೆ ಸಣ್ಣ ಹುಲಿತಲೆಗಳು, ಮೇಲ್ಛತ್ರದ ತುದಿಯಲ್ಲಿ ರತ್ನ ಕೆತ್ತಿದ ಹುಮಾ ಪಕ್ಷಿ. ಇಂಗ್ಲಿಷರನ್ನು ಸೋಲಿಸುವವರೆಗೂ ಅದನ್ನು ಏರುವುದಿಲ್ಲವೆಂದು ಸುಲ್ತಾನ ಶಪಥ ಮಾಡಿದ್ದನೆಂದು ಜನ ಹೇಳಿಕೊಂಡು ಬಂದಿದ್ದಾರೆ.

1799ರ ಮೇ 4ರಂದು ಕೋಟೆ ಬಿತ್ತು, ಸುಲ್ತಾನ ಮಡಿದ. ಕೊಳ್ಳೆಯ ಪಾಲು ಹಂಚಲು ನೇಮಕವಾಗಿದ್ದ ಅಧಿಕಾರಿಗಳು ಸಿಂಹಾಸನವನ್ನು ಒಡೆಸಿದರು. ತಗಡು ತುಂಡು ತುಂಡಾಯಿತು. ತಿಂಗಳುಗಟ್ಟಲೆ ಒತ್ತಿ, ತೀಡಿ, ಹುಲಿಯ ಪಟ್ಟೆಗಳನ್ನು ಮೂಡಿಸಿದ ಕೈಗಳ ಕೆಲಸ ತಕ್ಕಡಿಯಲ್ಲಿ ತೂಗುವ ಲೋಹವಾಯಿತು. ಅಡಿಯ ದೊಡ್ಡ ಹುಲಿತಲೆ ಮತ್ತು ಹುಮಾ ಪಕ್ಷಿ ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸಣ್ಣ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು ದೇಶದಿಂದ ಹೊರಗೆ ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಒಡ್ಡಿದಾಗ ಅದಕ್ಕೆ ಕಟ್ಟಿದ ಬೆಲೆ 15 ಲಕ್ಷ ಪೌಂಡ್.

ಆ ದೊಡ್ಡ ಹುಲಿತಲೆಯ ಒಳಗಿರುವುದೂ ಮರವೇ. ಅದರ ಮೇಲೆ ಚಿನ್ನದ ಹಾಳೆ, ಕಣ್ಣಿಗೂ ಹಲ್ಲಿಗೂ ಸ್ಫಟಿಕ. ಹುಬ್ಬಿನ ಗಂಟು, ಮೂಗಿನ ಹೊಳ್ಳೆ, ಮೈಯ ಪಟ್ಟೆ ಒಂದೊಂದೂ ಸ್ಫುಟವಾಗಿ ಕಾಣುವಂತೆ ತಗಡನ್ನು ಒತ್ತಿದ ಆ ಕೆಲಸಗಾರರ ಹೆಸರು ಯಾವ ಫಲಕದ ಮೇಲೂ ಇಲ್ಲ. ಕೈ ಮಾತ್ರ ಉಳಿದಿದೆ.

ದ್ವೀಪದ ಪೂರ್ವಕ್ಕೆ ದರಿಯಾ ದೌಲತ್ ಇದೆ. 1784ರಲ್ಲಿ ಕಟ್ಟಿಸಿದ ತೇಗದ ಮರದ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ಚಿತ್ರ. ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಈ ಚಿತ್ರಗಳನ್ನು ದುರಸ್ತಿ ಮಾಡಿಸಿದ. ಮತ್ತೆ 1855ರ ಸುಮಾರಿಗೆ ಡಾಲ್‌ಹೌಸಿ ಅವುಗಳನ್ನು ಪುನಃ ಬರೆಸಿದ. ಬಣ್ಣ ಮಾಸಿದರೆ ಮತ್ತೆ ಬಳಿಯಬಹುದು. ಕಿತ್ತು ಕರಗಿಸಿದ ತಗಡಿಗೆ ಆ ಭಾಗ್ಯವಿಲ್ಲ.

ಉಸಿರು ಬಿಗಿಹಿಡಿದು ಮಾಡುವ ಕೆಲಸ

ಸಿಂಹಾಸನ ಹೋದರೂ ಕಲೆ ಹೋಗಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ರಾಜಧಾನಿ ಮಾಡಿಕೊಂಡಾಗ ವಿಜಯನಗರ ಪತನದ ನಂತರ ಚದುರಿದ್ದ ಚಿತ್ರಗಾರರಿಗೆ ಇಲ್ಲಿ ನೆಲೆ ಸಿಕ್ಕಿತು. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅವರ ಕುಲಕ್ಕೆ ಮತ್ತೆ ಆಸರೆಯಾದರು. ಇಂದು ‘ಮೈಸೂರು ಸಾಂಪ್ರದಾಯಿಕ ಚಿತ್ರಕಲೆ’ ಎಂದು ಭೌಗೋಳಿಕ ಗುರುತು ಪಡೆದಿರುವುದು ಈ ಕೈಗಳ ಕೆಲಸವೇ.

ಆ ಚಿತ್ರಗಳಲ್ಲಿ ದೇವಿಯ ಒಡವೆ, ಸೆರಗಿನ ಅಂಚು, ಮಂಟಪದ ಕಂಬ ಎಲ್ಲವೂ ಅಪ್ಪಟ ಚಿನ್ನದ ರೇಕಿನವು. ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲು ರೇಖೆ ಎಳೆಯುತ್ತಿದ್ದರು. ಒಡವೆ ಬರುವ ಕಡೆ ಸಫೇದದ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿ, ಕೂದಲೆಳೆಯ ಕುಂಚದಿಂದ ತುಸುವೇ ಉಬ್ಬುವಂತೆ ಕುಸುರಿ ಬಿಡಿಸುತ್ತಿದ್ದರು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ. ಮೈಸೂರಿನದರಲ್ಲಿ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಅದರ ಮೇಲೆ ಚಿನ್ನದ ರೇಕು ಕೂರಿಸಿ, ಕೊನೆಗೆ ಚಿತ್ರದ ಮೇಲೆ ತೆಳುವಾದ ಕಾಗದ ಹಾಸಿ, ನುಣುಪಾದ ಕಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಕೆಲಸ ಮುಗಿಯಿತು.

ಈ ರೇಕು ಎಷ್ಟು ತೆಳು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಚಿನ್ನದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ. ರೇಕಿನ ದಪ್ಪ ಸುಮಾರು 0.1 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಹೀಗೆ ಬಡಿದರೆ ಒಂದೇ ಒಂದು ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಹರಡುತ್ತದೆ. ಬೆಳಕಿಗೆ ಹಿಡಿದರೆ ಆಚೆಯಿಂದ ಹಸಿರಾಗಿ ತೂರಿ ಬರುವಷ್ಟು ತೆಳು! ಫ್ಯಾನು ತಿರುಗುತ್ತಿದ್ದರೆ ಹಾರಿಹೋಗುತ್ತದೆ, ಜೋರಾಗಿ ಉಸಿರಾಡಿದರೆ ಮಡಚಿಕೊಳ್ಳುತ್ತದೆ. ಆದ್ದರಿಂದಲೇ ರೇಕು ಇಡುವ ಮನೆಯಲ್ಲಿ ಮಾತು ಕಡಿಮೆ.

ಹಿತ್ತಾಳೆ, ನಿಕ್ಕಲ್, ಕ್ರೋಮಿಯಂ

ಪಟ್ಟಣ ಬಿಟ್ಟು ಮೈಸೂರಿನ ಕಡೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ‘ಪಯಣ’ ಎಂಬ ಕಾರುಗಳ ವಸ್ತುಸಂಗ್ರಹಾಲಯ ಸಿಗುತ್ತದೆ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಬಹುಕಾಲದಿಂದ ಕೂಡಿಹಾಕಿದ ಹಳೆಯ ಕಾರುಗಳನ್ನು ನೋಡಲು 2023ರಲ್ಲಿ ತೆರೆದದ್ದು. ಮಕ್ಕಳು ಇಲ್ಲಿ ಕಾರುಗಳ ಗಾತ್ರ ನೋಡಿ ಬೆರಗಾಗುತ್ತಾರೆ. ಹಳೆಯ ಕಾರುಗಳು ಎದುರಿಗಿದ್ದಾಗ ಅವುಗಳ ಅಂಚುಗಳನ್ನೂ ನೋಡಬೇಕು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಾರಿನ ದೀಪ, ರೇಡಿಯೇಟರಿನ ಸುತ್ತುಪಟ್ಟಿ ಎಲ್ಲವೂ ಹಿತ್ತಾಳೆ. ಮನೆಯ ಹಂಡೆಯಂತೆ ಅದನ್ನೂ ಬೆಳಗುತ್ತಲೇ ಇರಬೇಕಿತ್ತು. ನಂತರ ನಿಕ್ಕಲ್ ಲೇಪ ಬಂತು. 1920ರ ದಶಕದ ಕೊನೆಯ ಹೊತ್ತಿಗೆ ಮಾಸದ, ತುಸು ನೀಲಿ ಛಾಯೆಯ ಕ್ರೋಮಿಯಂ ಬಂತು. ಆ ಕ್ರೋಮಿಯಂ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಅದರಡಿಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದಪ್ಪನೆಯ ನಿಕ್ಕಲ್ ಇರುತ್ತದೆ. ಅದರಡಿಯಲ್ಲಿ ಕನ್ನಡಿಯಂತೆ ಉಜ್ಜಿದ ಲೋಹ. ನಾವು ಮೆಚ್ಚುವ ಹೊಳಪಿನ ಹೆಚ್ಚು ಪಾಲು ಕಾಣದ ಈ ಅಡಿಪದರಗಳದು. ಅಡಿಯ ಲೋಹದಲ್ಲಿ ಒಂದು ಗೀರಿದ್ದರೆ ಮೇಲಿನ ಕ್ರೋಮಿಯಂ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಮೈಸೂರಿನ ಚಿತ್ರಗಾರನ ಸಫೇದಕ್ಕೂ ಇದೇ ಮಾತು ಸಲ್ಲುತ್ತದೆ. ಜಗುಲಿಯ ಮೇಲಿನ ಹುಡುಗನಿಗೆ ಬೇಕಾದ ಮೊದಲ ಪಾಠವೂ ಇದೇ: ಬೇಗಡೆ ಏನನ್ನೂ ಮುಚ್ಚುವುದಿಲ್ಲ.

ಮತ್ತೆ ಜಗುಲಿಗೆ

2014ರಲ್ಲಿ ತಯಾರಿಕೆ ನಿಲ್ಲಿಸಿದ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದದ ಕಾರು. ಮಾದರಿ ತಯಾರಕರು ಹೆಚ್ಚಾಗಿ ಬಳಸುವ 1:24ರ ಅಳತೆಗೆ ಇಳಿಸಿದರೆ ಅದು 18 ಸೆಂಟಿಮೀಟರ್ ಆಗುತ್ತದೆ. ನಿಜವಾದ ಕಾರಿನಲ್ಲಿ 12 ಮಿಲಿಮೀಟರ್ ಅಗಲದ ಹೊಳೆಯುವ ಪಟ್ಟಿ ಮಾದರಿಯಲ್ಲಿ ಬರೀ ಅರ್ಧ ಮಿಲಿಮೀಟರ್. ಇಷ್ಟು ಸಣ್ಣ ಗೆರೆಯನ್ನು ಮೊದಲೇ ಕತ್ತರಿಸಿ ನೇರವಾಗಿ ಅಂಟಿಸುತ್ತೇನೆಂದು ಹೊರಟರೆ ಸೋಲು ಖಚಿತ. ಹುಡುಗ ಮಾಡಿದ ತಪ್ಪು ಅದೇ. ಗುಟ್ಟೇನೆಂದರೆ, ಮೊದಲು ಅಗಲವಾದ ತುಂಡನ್ನು ಅಂಟಿಸಬೇಕು. ಕತ್ತರಿಸುವುದು ಆಮೇಲೆ, ಕಾರಿನ ಮೇಲೆಯೇ.

ಇದಕ್ಕೆಂದೇ ಹಿಂಬದಿಗೆ ಅಂಟು ಸವರಿದ ಬೇಗಡೆಯನ್ನು ವಿದೇಶಗಳಲ್ಲಿ ತಯಾರಿಸಿ ಮಾರುತ್ತಾರೆ. ಅಮೆರಿಕದ ‘ಬೇರ್ ಮೆಟಲ್ ಫಾಯಿಲ್’ ಮಾದರಿ ಕಾರು ಮಾಡುವವರಲ್ಲಿ ಮನೆಮಾತು. ಅದಿಲ್ಲದಿದ್ದರೆ ಕಲಿಯುವ ಕೈಗೆ ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯೇ ಸಾಕು. ಅದರ ದಪ್ಪ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್. ಅದಕ್ಕೆ ಒಂದು ಬದಿ ಮಿರುಗು, ಇನ್ನೊಂದು ಬದಿ ಮಂಕು. ಕಾರ್ಖಾನೆಯಲ್ಲಿ ಕೊನೆಯ ಸಲ ಒತ್ತುವಾಗ ಎರಡು ಹಾಳೆಗಳನ್ನು ಜೋಡಿಯಾಗಿ ಉರುಳೆಗಳ ನಡುವೆ ಬಿಡುತ್ತಾರೆ. ಉರುಳೆಗೆ ತಾಗಿದ ಬದಿ ಹೊಳೆಯುತ್ತದೆ, ಒಂದಕ್ಕೊಂದು ತಾಗಿದ ಬದಿ ಮಂಕಾಗುತ್ತದೆ. ಬಂಪರಿಗೆ ಮಿರುಗು ಬದಿ. ಹೊಳಪು ಕಡಿಮೆಯಿರುವ ಪಟ್ಟಿಗಳಿಗೆ ಮಂಕು ಬದಿ. ಒಂದೇ ಹಾಳೆಯಲ್ಲಿ ಎರಡು ಲೋಹ ಸಿಕ್ಕಂತಾಯಿತು.

ಇನ್ನು ಕೆಲಸದ ಕ್ರಮ. ಬಣ್ಣ ಪೂರ್ತಿ ಒಣಗಲು ಕೆಲವು ದಿನ ಬಿಡಬೇಕು. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯಿದ್ದರೆ ಬೇಗಡೆಯನ್ನು ಎತ್ತುವಾಗ ಬಣ್ಣವೂ ಎದ್ದು ಬರುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಿಸಬೇಕು. ಬೆರಳಿನ ಎಣ್ಣೆಯಂಶ ಉಳಿದರೆ ಅಂಟು ಹಿಡಿಯದು. ಒಂದು ಸಾಸಿವೆ ಕಾಳಿನ ಹತ್ತನೆಯ ಒಂದು ಪಾಲಿನಷ್ಟು ದೂಳು ಸಿಕ್ಕಿದರೂ ಬೇಗಡೆಯ ಮೇಲೆ ಅದು ಗುಡ್ಡವಾಗಿ ಕಾಣುತ್ತದೆ.

ಹಾಳೆಯ ಹಿಂಬದಿಗೆ ಅಂಟನ್ನು ಕುಂಚದಿಂದ ಬಹಳ ತೆಳುವಾಗಿ ಸವರಿ ಕಾಯಬೇಕು. ಇಲ್ಲಿಯೇ ಅವಸರದವರು ಸೋಲುವುದು. ಲೋಹದ ಹಾಳೆ ನೀರು ಹೀರದು. ಹಸಿ ಅಂಟಿನ ಮೇಲೆ ಒತ್ತಿದರೆ ಅದು ಅಡಿಯಲ್ಲೇ ಜಾರಾಡಿ ಅಂಚಿನಿಂದ ಒಸರುತ್ತದೆ. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಮೆತ್ತಬಾರದು. ಅಂಟಿನ ಹದ ಅದು. ರೇಕು ಕೂರಿಸುವ ಚಿತ್ರಗಾರರು ಕಾಯುವುದೂ ಇಂಥ ಹದಕ್ಕೇ.

ಬೇಕಾದ ಜಾಗಕ್ಕಿಂತ ಎಲ್ಲ ಕಡೆ ಎರಡು ಮೂರು ಮಿಲಿಮೀಟರ್ ದೊಡ್ಡದಾದ ತುಂಡನ್ನು ಕತ್ತರಿಸಿ ಮೇಲಿಡಿ. ಮೊದಲು ನಡುವಿನಲ್ಲಿ ಒತ್ತಿ, ಅಲ್ಲಿಂದ ಅಂಚಿನ ಕಡೆಗೆ ಗಾಳಿಯನ್ನು ಹೊರದೂಡುತ್ತ ಹೋಗಿ. ಕಿವಿಗೆ ಬಳಸುವ ಹತ್ತಿಯ ಕಡ್ಡಿ ಇದಕ್ಕೆ ಬಲು ಅನುಕೂಲ. ಗೀರುಗಳ ಒಳಕ್ಕೆ ತಳ್ಳಲು ತುದಿ ಮೊಂಡು ಮಾಡಿದ ಬೆಂಕಿಕಡ್ಡಿ ಸಾಕು, ಉಗುರು ಬೇಡ. ಪಟ್ಟಿಯ ಎರಡೂ ಅಂಚುಗಳು ಬೇಗಡೆಯ ಅಡಿಯಿಂದ ಗೆರೆಯಾಗಿ ಎದ್ದು ಕಾಣುವವರೆಗೆ ತಾಳ್ಮೆಯಿಂದ ತೀಡುತ್ತಿರಬೇಕು. ಕಂಡ ಮೇಲೆ ಕಾರೇ ದಾರಿ ತೋರಿಸುತ್ತದೆ.

ಕತ್ತರಿಸಲು ಹೊಸ ಬ್ಲೇಡು. ಹಳೆಯದು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಬ್ಲೇಡಿನ ಭಾರವೊಂದೇ ಸಾಕು ಎಂಬಂತೆ ಮೃದುವಾಗಿ, ಪಟ್ಟಿಯ ಅಂಚಿಗೆ ಒರಗಿಸಿ ಎಳೆಯಬೇಕು. ಒಂದೇ ಏಟಿಗೆ ಆಗದಿದ್ದರೆ ಇನ್ನೊಮ್ಮೆ. ಬಲ ಹಾಕಿದರೆ ಅಡಿಯ ಬಣ್ಣಕ್ಕೆ ಗೀರು ಬೀಳುತ್ತದೆ. ಕೊಯ್ಯುವ ದಿಕ್ಕಿನಲ್ಲಿ ಇನ್ನೊಂದು ಕೈಯ ಬೆರಳು ಇರಬಾರದು. ಸಣ್ಣ ಮಕ್ಕಳಾದರೆ ಬ್ಲೇಡು ದೊಡ್ಡವರ ಕೈಯಲ್ಲಿರಲಿ, ತೀಡುವ ಕೆಲಸ ಮಕ್ಕಳದಾಗಲಿ. ಅಂಚಿನಾಚೆಯ ಹೆಚ್ಚುವರಿ ತುಂಡನ್ನು ಚಿಮುಟದಿಂದ ಹಿಡಿದು ಓರೆಯಾಗಿ, ನಿಧಾನವಾಗಿ ಎತ್ತಿದರೆ ಅರ್ಧ ಮಿಲಿಮೀಟರಿನ ಬೆಳ್ಳಿಗೆರೆ ತಾನಾಗಿ ಉಳಿಯುತ್ತದೆ.

ಕಷ್ಟ ಬರುವುದು ತಿರುವುಗಳಲ್ಲಿ. ಬೇಗಡೆ ಬಟ್ಟೆಯಲ್ಲ, ಹೆಚ್ಚು ಹಿಗ್ಗುವುದಿಲ್ಲ. ಕಿಟಕಿಯ ಇಡೀ ಚೌಕಟ್ಟಿಗೆ ಒಂದೇ ತುಂಡು ಹೊದಿಸುವ ಬದಲು ನಾಲ್ಕು ಪಟ್ಟಿಗಳಾಗಿ ಮಾಡಿ, ಮೂಲೆಯಲ್ಲಿ ಒಂದರ ಮೇಲೊಂದು ತುಸು ಹತ್ತಿಸಿ ಕೂಡಿಸಬಹುದು. ಚೆನ್ನಾಗಿ ತೀಡಿದರೆ ಆ ಬೆಸುಗೆ ಕಣ್ಣಿಗೆ ಬೀಳದು. ಬಾಗಿಲಿನ ಸಂದು ಬಂದ ಕಡೆ ಮೊದಲು ಹಾಳೆಯನ್ನು ಉದ್ದಕ್ಕೂ ಹಾಯಿಸಿ, ನಂತರ ಸಂದಿನ ಗೆರೆಯಲ್ಲಿ ಕೊಯ್ದರೆ ಪಟ್ಟಿ ಎರಡೂ ಕಡೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಕಾರಿನ ಮೈಮೇಲೆ ಉಬ್ಬಿದ ಸಣ್ಣ ಅಕ್ಷರಗಳಿದ್ದರೆ ಕ್ರಮವನ್ನೇ ತಿರುಗಿಸಬೇಕು. ಮೊದಲು ಅವುಗಳ ಮೇಲೆ ಬೇಗಡೆ, ಅದರ ಮೇಲೆ ಬಣ್ಣ. ಕೊನೆಗೆ ಥಿನ್ನರಿನಲ್ಲಿ ತುಸುವೇ ನೆನೆಸಿದ ಬಟ್ಟೆಯಿಂದ ಅಕ್ಷರಗಳ ನೆತ್ತಿಯನ್ನಷ್ಟೇ ಒರೆಸಿದರೆ ಬೆಳ್ಳಿಯ ಹೆಸರು ಹೊರಬರುತ್ತದೆ. ಥಿನ್ನರ್ ಮುಟ್ಟುವಾಗ ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ.

ಮುದುರಿದರೆ? ಕಿತ್ತು ಬಿಸಾಕಿ ಇನ್ನೊಂದು ತುಂಡು ತೆಗೆದುಕೊಳ್ಳುವುದು. ಚಿನ್ನದ ರೇಕಿನವನಿಗೆ ಇಲ್ಲದ ಈ ಸೌಭಾಗ್ಯ ಅಡುಗೆಮನೆಯ ಹಾಳೆಯವನಿಗಿದೆ. ಮುದುರಿದ್ದನ್ನು ಸರಿಮಾಡಲು ಹೋದರೆ ಮಾತ್ರ ಕೆಲಸ ಕೆಡುತ್ತದೆ. ಬೇಗಡೆ ಒಮ್ಮೆ ಕಂಡ ಮಡಿಕೆಯನ್ನು ಮರೆಯುವುದಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ

ಹಾಗಾದರೆ ಓದು ಬಿಟ್ಟು ತಗಡು ಅಂಟಿಸುವುದೇ? ಹಾಗೆ ಯಾರೂ ಹೇಳುವುದಿಲ್ಲ. ಆದರೆ ಅಂಟಿಸುವ ಆ ಒಂದು ಗಂಟೆಯಲ್ಲಿ ಹುಡುಗ ಮಾಡಿದ್ದೇನೆಂದು ತಾಯ್ತಂದೆಯರು ಒಮ್ಮೆ ಗಮನಿಸಬೇಕು. ನಾಲ್ಕೂಕಾಲು ಮೀಟರನ್ನು ಗೇಣಿಗೆ ಇಳಿಸಿದ. ಅದು ಅನುಪಾತದ ಲೆಕ್ಕ. ಮೈಕ್ರಾನ್ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದ, ಈಗ ಬೆರಳಿನಲ್ಲಿ ಮುಟ್ಟಿದ. ಅಂಟು ಹದಕ್ಕೆ ಬರಲೆಂದು ಸುಮ್ಮನೆ ಕಾದ. ತಪ್ಪಿದ್ದನ್ನು ಮುಚ್ಚಿಡದೆ ಕಿತ್ತು, ಮೊದಲಿನಿಂದ ಶುರುಮಾಡಿದ. ಇದರಲ್ಲಿ ಯಾವುದೂ ಪರೀಕ್ಷೆಗೆ ಬೇಡದ ಗುಣವಲ್ಲ.

ಇನ್ನೊಂದು ಮಾತು. ಕೈಕೆಲಸ ಉಳಿಯುವುದು ವಸ್ತುಗಳಲ್ಲಿ ಅಲ್ಲ. ವಸ್ತುವನ್ನು ಕೊಳ್ಳೆ ಹೊಡೆಯಬಹುದು, ಒಡೆಯಬಹುದು, ಕರಗಿಸಬಹುದು. ಪಟ್ಟಣದಲ್ಲಿ ಅದು ಕಣ್ಣೆದುರೇ ನಡೆದುಹೋಯಿತು. ಉಳಿದದ್ದು ಒಂದು ಕೈ ಇನ್ನೊಂದು ಕೈಗೆ ಕಲಿಸಿಕೊಟ್ಟ ಹದ. ಮೈಸೂರಿನ ಚಿತ್ರಗಾರರ ಮನೆಗಳಲ್ಲಿ ಅದು ಹಾಗೆಯೇ ದಾಟಿ ಬಂತು. ಯಾವ ಮನೆಯಲ್ಲಿ ಮಕ್ಕಳ ಕೈಗೆ ಅಂಥ ಕೆಲಸ ಸಿಗುವುದಿಲ್ಲವೋ ಆ ಮನೆಯಲ್ಲಿ ಅದು ಒಂದೇ ತಲೆಮಾರಿಗೆ ನಿಂತುಹೋಗುತ್ತದೆ.

ಸಂಜೆ ಪಟ್ಟಣದಿಂದ ಹೊರಟ ಬಸ್ಸು ಪಾಂಡವಪುರ ದಾಟಿ ಚಿನಕುರಳಿಗೆ ಬರುವ ಹೊತ್ತಿಗೆ ಬಿಸಿಲು ಓರೆಯಾಗಿರುತ್ತದೆ. ಕಬ್ಬಿನ ಗರಿಗಳ ಅಂಚಿನಲ್ಲಿ ಬೆಳಕಿನ ಗೆರೆ. ಜಗುಲಿಯ ಮೇಲಿನ ಬಿಳಿ ಅಂಬಾಸಿಡರಿನ ಕಿಟಕಿಯ ಸುತ್ತಲೂ ಈಗ ಅಂಥದೇ ಒಂದು ಗೆರೆ ಇದೆಯೆಂದು ಕಲ್ಪಿಸಿಕೊಳ್ಳಿ: ಅರ್ಧ ಮಿಲಿಮೀಟರಿನದು, ಎಲ್ಲೂ ಮುದುರಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಅವ್ವ ಬಗ್ಗಿ ನೋಡುತ್ತಾಳೆ. ಹೊಗಳುವುದು ಅವಳ ಅಭ್ಯಾಸವಲ್ಲ.

“ಆ ಕಡೆ ಬಾಗ್ಲಿಗೂ ಹಿಂಗೇ ಹಾಕ್ಲಾ” ಎನ್ನುತ್ತಾಳೆ.